ಮುಖಕ್ಕೆ ಬೈದ ಪ್ರತಿಭಟನಾಕಾರರನ್ನ ನಾಯಕರು ಕ್ಷಮಿಸಿಬಿಡಬೇಕಾ?

ಅಡ್ಡಗೋಡೆ
ತುಂಬಾ ದಿನದಿಂದ ತಲೇಲಿ ಕೊರೀತಿದೆ, ಇಲ್ಲಿ ತಿಳಿದವರು ಇದೀರ ಅಂತ ಕೇಳ್ತಿದೀನಿ. ಪ್ರತಿಭಟನೆ ಮಾಡೋದು ಹಕ್ಕು, ಒಪ್ಪಿದೆ. ಘೋಷಣೆ ಕೂಗ್ಲಿ, ಕಪ್ಪು ಬಾವುಟ ತೋರಿಸ್ಲಿ. ಆದ್ರೆ ನಾಯಕನ ಫೋಟೋಗೆ ಚಪ್ಪಲಿ ಹಾರ ಹಾಕೋದು, ಮನೆಯವರನ್ನೆಲ್ಲ ಸೇರಿಸಿ ಬೈಯೋದು, ಶೂ ಎಸೆಯೋದು, ಇದನ್ನೂ "ಪಾಪ ಬಿಡಿ, ಹುಡುಗರು" ಅಂತ ಕ್ಷಮಿಸಿಬಿಡಬೇಕಾ? ಕ್ಷಮಿಸಿದ್ರೆ ದೊಡ್ಡ ಮನುಷ್ಯ ಅಂತಾರೆ, ನಾಳೆ ಇನ್ನೊಬ್ಬ ಎರಡು ಚಪ್ಪಲಿ ತರ್ತಾನೆ. ಕೇಸ್ ಹಾಕಿದ್ರೆ ಸರ್ವಾಧಿಕಾರಿ ಅಂತಾರೆ. ಹಾಗಾದ್ರೆ ಕುರ್ಚೀಲಿ ಕೂತೋನು ಏನ್ ಮಾಡ್ಬೇಕು? ಪಕ್ಷ ಗಿಕ್ಷ ತರಬೇಡಿ ದಯವಿಟ್ಟು.

ನಿದ್ದೆಗೇಡಿ
ಪಕ್ಷ ತರಬೇಡಿ ಅಂತ ಹೇಳಿದ ಮೇಲೆ ಹತ್ತನೇ ಕಾಮೆಂಟ್ ಒಳಗೆ ಬರುತ್ತೆ ನೋಡ್ತಿರಿ

ಎರಡನೇ_ಬೆಂಚು
ಬೈಸಿಕೊಳ್ಳೋಕೆ ಆಗದಿದ್ರೆ ಕುರ್ಚಿ ಯಾಕೆ ಬೇಕು ಗುರೂ. ಸಂಬಳದ ಜೊತೆ ಬರೋ ಭತ್ಯೆ ಅದು.

ಹಳೇ_ಪೇಪರ್
ಶೂ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ನಾನು ಡೆಸ್ಕಲ್ಲಿ ಕೆಲಸ ಮಾಡ್ತಿದ್ದಾಗ ಇವು ಸಾಲು ಸಾಲಾಗಿ ಬಂದ ಸುದ್ದಿಗಳು. 2008ರ ಡಿಸೆಂಬರ್, ಬಾಗ್ದಾದ್, ಮುಂತಝರ್ ಅಲ್ ಝೈದಿ ಅನ್ನೋ ಪತ್ರಕರ್ತ ಬುಷ್ ಕಡೆ ಎರಡೂ ಶೂ ಎಸೆದ. ಬುಷ್ ತಲೆ ತಗ್ಗಿಸಿ ತಪ್ಪಿಸ್ಕೊಂಡು, ಅದು ಹತ್ತನೇ ಸೈಜು ಅಂತ ತಮಾಷೆ ಮಾಡಿದ್ರು. ಎಲ್ರೂ ಆಹಾ ಎಂಥಾ ದೊಡ್ಡತನ ಅಂದ್ರು. ಆದ್ರೆ ಆ ಮನುಷ್ಯನಿಗೆ ಇರಾಕಿನ ಕೋರ್ಟು ಮೂರು ವರ್ಷ ಹಾಕ್ತು, ಮೇಲ್ಮನವೀಲಿ ಒಂದು ವರ್ಷಕ್ಕೆ ಇಳೀತು, ಒಂಬತ್ತು ತಿಂಗಳು ಒಳಗಿದ್ದು 2009ರ ಸೆಪ್ಟೆಂಬರಲ್ಲಿ ಹೊರಗೆ ಬಂದ. ಬಂದವನು ಒಳಗೆ ತನಗೆ ಚಿತ್ರಹಿಂಸೆ ಕೊಟ್ರು ಅಂತ ಹೇಳಿದ. ತಮಾಷೆ ಮಾಡೋದು ಬೇರೆ, ಕ್ಷಮಿಸೋದು ಬೇರೆ.

ಅದೇ 2009ರ ಏಪ್ರಿಲಲ್ಲಿ ದೆಹಲೀಲಿ ಜರ್ನೈಲ್ ಸಿಂಗ್ ಅನ್ನೋ ಪತ್ರಕರ್ತ ಆಗ ಗೃಹಮಂತ್ರಿ ಆಗಿದ್ದ ಚಿದಂಬರಂ ಕಡೆ ಶೂ ಎಸೆದ್ರು, 1984ರ ಸಿಖ್ ಹತ್ಯಾಕಾಂಡದ ವಿಷಯದಲ್ಲಿ ಕಾಂಗ್ರೆಸ್ ನಾಯಕ ಜಗದೀಶ್ ಟೈಟ್ಲರ್‌ಗೆ ಸಿಬಿಐ ಕ್ಲೀನ್ ಚಿಟ್ ಕೊಟ್ಟಿದ್ದಕ್ಕೆ. ಚಿದಂಬರಂ ಕ್ಷಮಿಸಿದೆ ಅಂದ್ರು, ಕೇಸೂ ಹಾಕಲಿಲ್ಲ. ಇದು ನಿಜವಾದ ಕ್ಷಮೆ.

ನಿದ್ದೆಗೇಡಿ
ಬಂತು ನೋಡಿ ಪಕ್ಷ. ಮೂರನೇ ಕಾಮೆಂಟಿಗೇ

ಬಂಡಾಯಗಾರ್ತಿ
@ಹಳೇ_ಪೇಪರ್ ಕಥೆ ಅರ್ಧಕ್ಕೆ ನಿಲ್ಲಿಸಿದ್ರಿ ಸರ್. ಕ್ಷಮಿಸಿದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಅದಾಗಿ ಎರಡು ಮೂರು ದಿನದಲ್ಲಿ ಟೈಟ್ಲರ್ ಮತ್ತೆ ಅದೇ ಹತ್ಯಾಕಾಂಡದ ಇನ್ನೊಬ್ಬ ಆರೋಪಿ ಸಜ್ಜನ್ ಕುಮಾರ್ ಇಬ್ಬರಿಗೂ ಲೋಕಸಭೆ ಟಿಕೆಟ್ ತಪ್ಪಿತು. ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಆಗೋಕೆ 2018ರ ಡಿಸೆಂಬರ್ ತನಕ ಕಾಯಬೇಕಾಯ್ತು, ಅಂದ್ರೆ 34 ವರ್ಷ. ಅಷ್ಟು ವರ್ಷ ಅರ್ಜಿ ಆಯೋಗ ಅಂತ ಅಲೆದಾಡಿದ ಹೆಂಗಸರಿಗೆ ಕಿವಿ ಕೊಡದೋರು ಒಂದು ಶೂಗೆ ಕಿವಿ ಕೊಟ್ರು. ಇಲ್ಲಿ ಮಾತಾಡ್ಬೇಕಿರೋದು ಶೂ ಎಸೆದವನ ಸಂಸ್ಕಾರದ ಬಗ್ಗೆನಾ, ಶೂ ಎಸೆಯೋವರೆಗೂ ಬಿಟ್ಟವರ ಬಗ್ಗೆನಾ?

ಹಳೇ_ಪೇಪರ್
@ಬಂಡಾಯಗಾರ್ತಿ ಒಪ್ಪಿದೆ ತಾಯಿ. ಇನ್ನೂ ಒಂದು ಸೇರಿಸ್ಕೊಳ್ಳಿ, ಮಂತ್ರಿ ಕ್ಷಮಿಸಿದ್ರು, ಪತ್ರಿಕೆ ಕ್ಷಮಿಸ್ಲಿಲ್ಲ, ಆತನ ಕೆಲಸ ಹೋಯ್ತು. ಮುಂದೆ 2015ರಲ್ಲಿ ಆಮ್ ಆದ್ಮಿ ಪಕ್ಷದಿಂದ ದೆಹಲಿ ಶಾಸಕ ಆದ್ರು, 2021ರಲ್ಲಿ ಕೋವಿಡ್‌ಗೆ ಹೋಗ್ಬಿಟ್ರು. ಹಂಗೆ ಮಾಡಿದ್ದು ತಪ್ಪು ಆದ್ರೆ ವಿಷಯ ಸರಿ ಅಂತಲೇ ಅವರು ಹೇಳ್ತಿದ್ದಿದ್ದು.

ಗುಂಡುಕಲ್ಲು
ಎಲ್ಲಾ ಸರಿ ಸ್ವಾಮಿ, ಆದ್ರೆ ಇವತ್ತು ಶೂ, ನಾಳೆ ಕಲ್ಲು, ನಾಡಿದ್ದು? ಇಂದಿರಾ ಗಾಂಧಿಗೆ 1967ರಲ್ಲಿ ಭುವನೇಶ್ವರದ ಸಭೇಲಿ ಕಲ್ಲು ಬಿದ್ದು ಮೂಗು ಒಡೆದಿತ್ತು ಗೊತ್ತಾ. ಎಸೆದ ಮೇಲೆ ಅದು ಶೂನೋ ಬಾಂಬೋ ಅಂತ ಅರ್ಧ ಸೆಕೆಂಡಲ್ಲಿ ಕಾವಲಿನವನು ತೀರ್ಮಾನ ಮಾಡ್ಬೇಕು. ಅವನ ಕೈಲಿ ಬಂದೂಕು ಇರುತ್ತೆ. ನಿಮ್ಮ ಕರುಣೆ ಗಿರುಣೆ ಎಲ್ಲ ಆಮೇಲೆ.

ಕರಿಕೋಟು
ಗುಂಡುಕಲ್ಲು ಹೇಳಿದ್ರಲ್ಲಿ ಒಂದು ಮುಖ್ಯವಾದ ವಿಷಯ ಇದೆ, ಆದ್ರೆ ಕಲಸುಮೇಲೋಗರ ಮಾಡಿದಾರೆ. ಬೈಯೋದು ಒಂದು, ಕೈ ಮಾಡೋದು ಇನ್ನೊಂದು. ಇವೆರಡಕ್ಕೂ ಒಂದೇ "ಕ್ಷಮೆ" ಪದ ಬಳಸೋದ್ರಿಂದಲೇ ಈ ಚರ್ಚೆ ಯಾವಾಗ್ಲೂ ಗೋಜಲಾಗೋದು.

ಇನ್ನೊಂದು, ಟೀವಿ ಮುಂದೆ ಮಂತ್ರಿ "ನಾನು ಕ್ಷಮಿಸಿದೀನಿ" ಅಂದ ತಕ್ಷಣ ಕೇಸು ಬಿದ್ದೋಗಲ್ಲ. ಬರೀ ಬೈಗುಳ ಆದ್ರೆ, ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 504, ಈಗ ಅದರ ಬದಲು ಬಂದಿರೋ ಬಿಎನ್‌ಎಸ್ 352, ಅದು ರಾಜಿ ಆಗೋ ಕಲಂ, ಬೈಸಿಕೊಂಡವರೇ ರಾಜಿ ಮಾಡ್ಕೋಬಹುದು. ಆದ್ರೆ ಪೊಲೀಸರು ಅದರ ಜೊತೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಹಳೇ 353, ಅಂದ್ರೆ ಈಗಿನ 132, ಜೋಡಿಸಿದ್ರೆ ಮುಗೀತು, ಅದು ರಾಜಿ ಆಗಲ್ಲ. ಸರ್ಕಾರಿ ಅಭಿಯೋಜಕರು ಕೋರ್ಟಿನ ಒಪ್ಪಿಗೆ ತಗೊಂಡು ವಾಪಸ್ ತಗೋಬೇಕು. ಹಾಗಾಗಿ ಎಷ್ಟೋ ಸಲ ನಾಯಕರಿಗೆ ಉದಾರಿ ಅನ್ನೋ ಹೆಸರು ಬಂದಿರುತ್ತೆ, ಹುಡುಗ ಮಾತ್ರ ಐದು ವರ್ಷ ವಾಯಿದೆಗೆ ಅಲೀತಿರ್ತಾನೆ. ನಾನೇ ಅಂಥವರಿಗೆ ವಕಾಲತ್ತು ಹಾಕಿದೀನಿ.

ಎರಡನೇ_ಬೆಂಚು
ಅಂದ್ರೆ ಕ್ಷಮೆ ಫೋಟೋಗೆ, ವಾಯಿದೆ ಹುಡುಗನಿಗೆ 👏

ಮೂಲೆಮನೆ_ಮಾಸ್ತರ
ನಮ್ಮ ಹಿರಿಯರು ಇದನ್ನೆಲ್ಲ ಎಂದೋ ವಿಚಾರ ಮಾಡ್ಯಾರ್ರೀ. ಮಹಾಭಾರತದ ವನಪರ್ವದಾಗ ದ್ರೌಪದಿ ಧರ್ಮರಾಯಗ ಕೇಳ್ತಾಳ, ಇಷ್ಟೆಲ್ಲ ಅವಮಾನ ಆದ್ರೂ ನಿಮಗ ಸಿಟ್ಟ್ಯಾಕ ಬರವಲ್ದು ಅಂತ. ಆಗ ಆಕಿ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ್ದನ್ನ ಹೇಳ್ತಾಳ: ಯಾವಾಗ್ಲೂ ಕ್ಷಮಿಸಿಕೋತ ಕುಂತ್ರ ಆಳು ಸುದ್ದಾ ಮರ್ಯಾದಿ ಕೊಡೂದಿಲ್ಲ, ಯಾವಾಗ್ಲೂ ದಂಡ ಹಿಡದ್ರ ತನ್ನವರ ಸುದ್ದಾ ವೈರಿ ಆಗ್ತಾರ. ಹೊತ್ತು ನೋಡಿ ಮಾಡ್ಬೇಕು. ಧರ್ಮರಾಯ ಅದಕ್ಕ ಒಪ್ಪಂಗಿಲ್ಲ, ಕ್ಷಮೆನ ದೊಡ್ಡದು ಅಂತಾನ. ಇಬ್ಬರದೂ ಖರೇ ಅನಸ್ತದ, ಅದ ಅದರ ಮಜಾ.

ಕೃಷ್ಣನೂ ಶಿಶುಪಾಲನ ನೂರು ತಪ್ಪು ಎಣಿಸಿಕೋತ ಕುಂತಿದ್ದ. ನೂರಾ ಒಂದಕ್ಕ ಚಕ್ರ ಬಿಟ್ಟ.

ಬಂಡಾಯಗಾರ್ತಿ
@ಮೂಲೆಮನೆ_ಮಾಸ್ತರ ಅಲ್ಲ ಮಾಸ್ತರೇ, ಬೆರಳು ಮಡಿಚಿ ಎಣಿಸೋದು ಕ್ಷಮೆ ಹೆಂಗಾಗುತ್ತೆ? ಅದು ಸಾಲದ ಖಾತೆ.

ಮೂಲೆಮನೆ_ಮಾಸ್ತರ
ಕೃಷ್ಣ ತನ್ನ ಸೋದರತ್ತೆಗೆ ಮಾತು ಕೊಟ್ಟಿದ್ದನವ್ವಾ, ಶಿಶುಪಾಲನ ತಾಯಿಗೆ. ಖಾತೆ ಅಂದ್ರ ಖಾತೆನ ಅನ್ನು, ನಾ ಏನ್ ಬ್ಯಾಡನ್ನೂದಿಲ್ಲ.

ರೋಮ್_ಹುಚ್ಚ
ಖಾತೆ ಅಂದಾಗ ದಾವೀದ ರಾಜನ ಕಥೆ ನೆನಪಾಯ್ತು, ಬೈಬಲಿನ ಹಳೆ ಒಡಂಬಡಿಕೇಲಿ ಬರುತ್ತೆ. ಮಗ ಅಬ್ಷಾಲೋಮನೇ ದಂಗೆ ಎದ್ದು ದಾವೀದ ಊರು ಬಿಟ್ಟು ಓಡ್ತಿರ್ತಾನೆ, ದಾರೀಲಿ ಶಿಮ್ಮಿ ಅನ್ನೋನು ಕಲ್ಲು ಎಸೀತಾ ಕೊಲೆಗಡುಕ ಅಂತೆಲ್ಲ ಬೈತಾ ಹಿಂದೇನೇ ಬರ್ತಾನೆ. ಜೊತೆಗಿದ್ದ ಯೋಧ ತಲೆ ತೆಗೆದುಬಿಡ್ಲಾ ಅಂತಾನೆ, ದಾವೀದ ಬಿಡು ಬೈಲಿ ಅಂತಾನೆ. ಗೆದ್ದು ವಾಪಸ್ ಬರುವಾಗ ಅದೇ ಶಿಮ್ಮಿ ಕಾಲಿಗೆ ಬೀಳ್ತಾನೆ, ನಿನ್ನ ಕೊಲ್ಲಲ್ಲ ಅಂತ ಪ್ರಮಾಣ ಮಾಡಿ ಕೊಡ್ತಾನೆ. ಇಲ್ಲೀತನಕ ಚೆನ್ನಾಗಿದೆ ಅಲ್ವಾ. ಸಾಯೋ ಹೊತ್ತಲ್ಲಿ ಮಗ ಸೊಲೊಮೋನನ್ನ ಹತ್ರ ಕರೆದು, ನಾನು ಮಾತು ಕೊಟ್ಟಿದ್ದೆ, ನೀನು ಕೊಟ್ಟಿಲ್ಲ, ಅವನ ನರೆತ ತಲೆ ರಕ್ತದಲ್ಲೇ ಮಣ್ಣು ಸೇರೋ ಹಾಗೆ ನೋಡ್ಕೋ ಅಂತ ಹೇಳಿ ಹೋಗ್ತಾನೆ!! ಸೊಲೊಮೋನ ಆತನ್ನ ಯೆರೂಸಲೇಮ್ ಬಿಟ್ಟು ಕದಲಬೇಡ ಅಂತ ಕಟ್ಟಿಹಾಕಿ, ಮೂರು ವರ್ಷ ಆದ್ಮೇಲೆ ಓಡಿಹೋದ ಆಳುಗಳನ್ನ ಹುಡುಕ್ಕೊಂಡು ಆಚೆ ಹೋದ ಅಂತ ಕೊಲ್ಲಿಸ್ತಾನೆ.

ನಿದ್ದೆಗೇಡಿ
ಅಯ್ಯಪ್ಪಾ. ಕ್ಷಮೆಗೂ ವಾರಸುದಾರಿಕೆ

ಸುಮ್ನೆ_ನೋಡ್ತೀನಿ
ರೋಮ್ ಹುಚ್ಚ ಅಂತ ಹೆಸರಿಟ್ಕೊಂಡು ರೋಮ್ ಬಿಟ್ಟು ಬೇರೆ ಎಲ್ಲಾ ಹೇಳ್ತಾರೆ ಈ ಮನುಷ್ಯ

ರೋಮ್_ಹುಚ್ಚ
ತಗೊಳ್ಳಿ ರೋಮು 😄 ಕ್ರಿ.ಶ. 387, ಅಂತಿಯೋಕ್ಯ ನಗರ. ತೆರಿಗೆ ಏರಿಸಿದ್ರು ಅಂತ ಜನ ದಂಗೆ ಎದ್ದು ಚಕ್ರವರ್ತಿ ಥಿಯೋಡೋಸಿಯಸ್ ಮತ್ತೆ ಅವನ ಮನೆಯವರ ಪ್ರತಿಮೆಗಳನ್ನ ಉರುಳಿಸಿ ಬೀದೀಲಿ ಎಳೆದಾಡಿದ್ರು. ಆ ಕಾಲಕ್ಕೆ ಪ್ರತಿಮೆ ಮುಟ್ಟೋದೂ ಚಕ್ರವರ್ತಿ ಮೈ ಮುಟ್ಟೋದೂ ಒಂದೇ. ಊರಿನ ಮುದಿ ಬಿಷಪ್ ಫ್ಲೇವಿಯನ್ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಬೇಡಿಕೊಂಡ, ಚಕ್ರವರ್ತಿ ಊರನ್ನ ಕ್ಷಮಿಸಿದ. ಆದ್ರೆ ಕ್ಷಮೆ ಬಂದು ತಲುಪೋದ್ರೊಳಗೆ ಅಲ್ಲಿನ ಅಧಿಕಾರಿಗಳು ಎಷ್ಟೋ ಜನಕ್ಕೆ ಮರಣದಂಡನೆ ಕೊಟ್ಟು ಮುಗಿಸಿದ್ರು. ಮೂರೇ ವರ್ಷಕ್ಕೆ, 390ರಲ್ಲಿ, ಥೆಸಲೋನಿಕದಲ್ಲಿ ಜನ ಅವನ ಸೇನಾಧಿಕಾರಿಯನ್ನ ಕೊಂದ್ರು ಅಂತ ಅದೇ ಥಿಯೋಡೋಸಿಯಸ್ ಸಾವಿರಾರು ಜನರನ್ನ ಕೊಲ್ಲಿಸಿದ.

ಈಗ ಮಜಾ ಕೇಳಿ. 393ರಲ್ಲಿ ಅವನದೇ ಹೆಸರಲ್ಲಿ ಒಂದು ಶಾಸನ ಹೊರಡುತ್ತೆ, ಚಕ್ರವರ್ತಿಯನ್ನ ಬೈದವರಿಗೆ ಶಿಕ್ಷೆ ಕೊಡಬೇಡಿ ಅಂತ. ಹಗುರ ಬಾಯಿಂದ ಬೈದಿದ್ರೆ ಲೆಕ್ಕಕ್ಕೆ ತಗೋಬೇಡಿ, ತಲೆ ಕೆಟ್ಟು ಬೈದಿದ್ರೆ ಮರುಕ ಪಡಿ, ಕೇಡು ಬಗೆದು ಬೈದಿದ್ರೂ ಕ್ಷಮಿಸಿ ಅಂತ ಅದರ ಸಾರಾಂಶ. 1,600 ವರ್ಷದ ಹಿಂದೆ!

ಗುಂಡುಕಲ್ಲು
ಸಾವಿರಾರು ಜನ ಸತ್ತ ಮೇಲೆ ಜ್ಞಾನೋದಯ. ಅವರೆಲ್ಲ ಎದ್ದು ಬಂದು ಶಾಸನ ಓದ್ಕೊಂಡ್ರಾ

ಕರಿಕೋಟು
ಅದೇನೇ ಇರ್ಲಿ, ಆ ಶಾಸನದ ದಾರಿ ಸರಿ ಇದೆ. ಕ್ಷಮೆ ಅಂದ್ರೇನು, ತಪ್ಪು ನಡೆದಿದೆ, ಶಿಕ್ಷೆ ಕೊಡೋ ಅಧಿಕಾರ ನಂಗಿದೆ, ಆದ್ರೂ ಬಿಟ್ಟೆ ಅಂತ. ಬರೀ ಬೈದಿದ್ದು ಅಪರಾಧನೇ ಅಲ್ಲ ಅಂತಾದ್ರೆ ಕ್ಷಮಿಸೋಕೆ ಅಲ್ಲಿ ಏನಿದೆ? ಫ್ರಾನ್ಸಿಂದ ಒಂದು ಕೇಸ್ ಹೇಳ್ತೀನಿ. 2008ರಲ್ಲಿ ಆಗಿನ ಅಧ್ಯಕ್ಷ ಸರ್ಕೋಝಿ ಒಬ್ಬ ಸಾಮಾನ್ಯ ಮನುಷ್ಯನಿಗೆ "ತೊಲಗೋ ಮುಠ್ಠಾಳ" ಅನ್ನೋ ಥರ ಬೈದಿದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಅದೇ ವರ್ಷ ಇನ್ನೊಬ್ಬ ಅದೇ ಮಾತನ್ನ ಬೋರ್ಡಲ್ಲಿ ಬರೆದು ಸರ್ಕೋಝಿ ಕಾರು ಬರೋ ದಾರೀಲಿ ಹಿಡಿದು ನಿಂತ. ಅಧ್ಯಕ್ಷರ ಮಾತು ಅಧ್ಯಕ್ಷರಿಗೇ ವಾಪಸ್! ಅವನ ಮೇಲೆ ಅಧ್ಯಕ್ಷರ ಅವಮಾನದ ಕೇಸು, 30 ಯೂರೋ ದಂಡ, ಅದೂ ಅಮಾನತಿನಲ್ಲಿ, ಅಂದ್ರೆ ಮತ್ತೆ ತಪ್ಪು ಮಾಡಿದ್ರೆ ಮಾತ್ರ ಕಟ್ಟಬೇಕು. ಆದ್ರೂ ಆಸಾಮಿ ಬಿಡಲಿಲ್ಲ, ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದ, 2013ರ ಮಾರ್ಚಲ್ಲಿ ಗೆದ್ದ, ಅದೇ ಆಗಸ್ಟಲ್ಲಿ ಫ್ರಾನ್ಸು ಆ ಕಾನೂನನ್ನೇ ತೆಗೆದು ಹಾಕ್ತು. ಸರ್ಕೋಝಿ ಕ್ಷಮಿಸಿಬಿಟ್ಟಿದ್ರೆ ಆ ಕಾನೂನು ಇನ್ನೂ ಎಷ್ಟು ದಿನ ಇರ್ತಿತ್ತೋ.

ಕೈ ಮಾಡಿದ್ದಕ್ಕೆ ಅದೇ ದೇಶ ಬಿಡಲ್ಲ. 2021ರಲ್ಲಿ ಅಧ್ಯಕ್ಷ ಮಾಕ್ರೋನ್ ಕೆನ್ನೆಗೆ ಬಾರಿಸಿದವನಿಗೆ 18 ತಿಂಗಳು ಶಿಕ್ಷೆ, ಅದರಲ್ಲಿ 14 ಅಮಾನತು, 4 ತಿಂಗಳು ಜೈಲು. ನಾನು ಹೇಳಿದ ಗೆರೆ ಇದು.

ಸುಮ್ನೆ_ನೋಡ್ತೀನಿ
ಟರ್ಕಿ ಅಧ್ಯಕ್ಷ ಎರ್ಡೋಗನ್ ಕೂಡ 2016ರಲ್ಲಿ ಸೇನಾ ದಂಗೆ ವಿಫಲ ಆದ್ಮೇಲೆ ತನ್ನನ್ನ ಅವಮಾನ ಮಾಡಿದ ಕೇಸುಗಳನ್ನೆಲ್ಲ ಈ ಒಂದು ಸಲ ವಾಪಸ್ ತಗೋತೀನಿ ಅಂದಿದ್ರಲ್ಲ, ಅದೂ ದಯೆನೇ ಅಲ್ವಾ

ಕರಿಕೋಟು
@ಸುಮ್ನೆ_ನೋಡ್ತೀನಿ ನೀವೇ ಬರೆದ್ರಲ್ಲ, "ಈ ಒಂದು ಸಲ". ಅಧ್ಯಕ್ಷರನ್ನ ಅವಮಾನ ಮಾಡಿದ್ರೆ ಶಿಕ್ಷೆ ಕೊಡೋ 299ನೇ ಕಲಂ ಹಾಗೇ ಇತ್ತು, ಒಂದರಿಂದ ನಾಲ್ಕು ವರ್ಷ ಜೈಲು. ಆಮೇಲೂ ಸಾವಿರಗಟ್ಟಲೆ ಕೇಸು ಬಿದ್ವು. ಪಂಜರ ತೊಳೆದು ಹೊಸ ಗಿಳಿ ತಂದ ಹಾಗೆ.

ಎರಡನೇ_ಬೆಂಚು
ಕೇಜ್ರಿವಾಲ್ ಕಥೆ ಯಾರೂ ಹೇಳ್ಲಿಲ್ಲ. 2014ರ ಏಪ್ರಿಲ್, ಪ್ರಚಾರದಲ್ಲಿ ಒಬ್ಬ ಆಟೋ ಡ್ರೈವರ್ ಹಾರ ಹಾಕಿ ಅದೇ ಕೈಯಲ್ಲಿ ಕಪಾಳಕ್ಕೆ ಕೊಟ್ಟ. ಮಾರನೇ ದಿನ ಇವರು ಅವನ ಮನೆಗೇ ಹೋದ್ರು, ಕ್ಷಮಿಸಿದೀನಿ ಅಂದ್ರು, ಅವನು ಕ್ಷಮೆ ಕೇಳಿದ

ಗುಂಡುಕಲ್ಲು
ಕ್ಯಾಮೆರಾ ಎಷ್ಟಿತ್ತು ಅಂತ ಎಣಿಸಿದ್ರಾ

ಎರಡನೇ_ಬೆಂಚು
ಕ್ಯಾಮೆರಾ ಇದ್ರೆ ಏನಂತೆ? ಹೊಡೆದಿದ್ದೂ ಕ್ಯಾಮೆರಾ ಮುಂದೇನೇ

ನಿದ್ದೆಗೇಡಿ
ಈ ಮಾತಿಗೆ ಉತ್ತರ ಇಲ್ಲ ಗುಂಡುಕಲ್ಲಣ್ಣ, ಒಪ್ಕೊಳ್ಳಿ

ಹಳೇ_ಪೇಪರ್
ಕ್ಯಾಮೆರಾ ಬೇಡ ಅನ್ನೋರಿಗೆ ವೆನ್ ಜಿಯಾಬಾವ್. ಚೀನಾ ಪ್ರಧಾನಿ, 2009ರ ಫೆಬ್ರವರೀಲಿ ಕೇಂಬ್ರಿಡ್ಜಲ್ಲಿ ಭಾಷಣ ಮಾಡ್ತಿದ್ದಾಗ ಒಬ್ಬ ಸಂಶೋಧಕ ಶೂ ಎಸೆದ. ಆತನ ಓದು ಹಾಳಾಗದಿರಲಿ, ವಿಶ್ವವಿದ್ಯಾಲಯ ಇನ್ನೊಂದು ಅವಕಾಶ ಕೊಡಲಿ ಅಂತ ಚೀನಾ ರಾಯಭಾರ ಕಚೇರಿ ಮೂಲಕ ಹೇಳಿ ಕಳಿಸಿದ್ರು. ಆತ ಜೂನಲ್ಲಿ ಖುಲಾಸೆ ಆದ.

ಬಂಡಾಯಗಾರ್ತಿ
ಅದೇ ಶೂ ಬೀಜಿಂಗಲ್ಲಿ ಎಸೆದಿದ್ರೆ? ಪರದೇಶದಲ್ಲಿ ದಯೆ ತೋರಿಸೋದು ಸುಲಭ ಸರ್, ಅಲ್ಲಿ ಕೋರ್ಟು ನಿಮ್ಮ ಕೈಲಿರಲ್ಲ.

ಮತ್ತೆ ಇಲ್ಲಿ ಎಲ್ಲರೂ ನಾಯಕ ಕೊಡ್ತಾನೆ, ಪ್ರತಿಭಟನಾಕಾರ ಎರಡೂ ಕೈ ಚಾಚಿ ತಗೋತಾನೆ ಅಂತಲೇ ಮಾತಾಡ್ತಿದೀರ. ಬೇಡ ಅಂದವರಿಲ್ವಾ? 1922ರಲ್ಲಿ ಅಹಮದಾಬಾದಿನ ಕೋರ್ಟಲ್ಲಿ ರಾಜದ್ರೋಹದ ಕೇಸಲ್ಲಿ ಗಾಂಧೀಜಿ ಕರುಣೆ ಬೇಡ, ಇರೋದ್ರಲ್ಲೇ ದೊಡ್ಡ ಶಿಕ್ಷೆ ಕೊಡಿ ಅಂದ್ರು. ಸರ್ಕಾರದ ಮೇಲೆ ಪ್ರೀತಿಯನ್ನ ಕಾನೂನಿಂದ ಹುಟ್ಟಿಸೋಕಾಗಲ್ಲ ಅಂತ ಹೇಳಿದ್ದೂ ಅಲ್ಲೇ. ಜಡ್ಜ್ ಬ್ರೂಮ್‌ಫೀಲ್ಡ್ ಆರು ವರ್ಷ ಕೊಟ್ಟು, ಸರ್ಕಾರ ಇದನ್ನ ಕಡಿಮೆ ಮಾಡಿದ್ರೆ ನನಗಿಂತ ಖುಷಿ ಪಡೋರು ಯಾರೂ ಇರಲ್ಲ ಅಂದ. ದಯೆ ತೋರಿಸೋಕೆ ಒದ್ದಾಡ್ತಿರೋ ಜಡ್ಜು, ಬೇಡ ಅಂತ ನಿಂತ ಆರೋಪಿ.

ಕರಿಕೋಟು
ಅದೇ ರಾಜದ್ರೋಹದ ಕಲಂ ಸ್ವಾತಂತ್ರ್ಯ ಬಂದ ಮೇಲೂ ಉಳೀತು. ಬಿಹಾರದ ಕೇದಾರನಾಥ ಸಿಂಗ್ ಬರೌನಿಯಲ್ಲಿ ಭಾಷಣ ಮಾಡ್ತಾ ಸಿಐಡಿಯವರನ್ನ ನಾಯಿಗಳು ಅಂದಿದ್ದ, ಆಳೋರನ್ನ ಗೂಂಡಾಗಳು ಅಂದಿದ್ದ. 1962ರಲ್ಲಿ ಸುಪ್ರೀಂ ಕೋರ್ಟು ಹಿಂಸೆಗೆ ಕುಮ್ಮಕ್ಕು ಇಲ್ಲದ ಟೀಕೆ ರಾಜದ್ರೋಹ ಅಲ್ಲ ಅಂತ ಹೇಳ್ತು. ಇವತ್ತಿಗೂ ಎಲ್ಲಾ ವಕೀಲರು ಆ ತೀರ್ಪನ್ನೇ ಎತ್ತಿ ಹಿಡೀತೀವಿ. ಕೇದಾರನಾಥನ ಮೇಲ್ಮನವಿ ಮಾತ್ರ ವಜಾ ಆಯ್ತು! ಪಾಪ ಅವನ ಹೆಸರಲ್ಲಿ ಊರಿಗೆಲ್ಲ ರಕ್ಷಣೆ, ಅವನಿಗಿಲ್ಲ.

ಸುಮ್ನೆ_ನೋಡ್ತೀನಿ
ಒಂದು ಡೌಟು. @ಅಡ್ಡಗೋಡೆ ಪ್ರಶ್ನೆ ಕೇಳಿ ಎಲ್ಲೋದ್ರಿ? "ಫೋಟೋಗೆ ಚಪ್ಪಲಿ ಹಾರ" ಅಂತ ಅಷ್ಟು ನಿಖರವಾಗಿ ಬರೆದಿದೀರ, ಯಾರ ಫೋಟೋ ಅದು 🤔

ಅಡ್ಡಗೋಡೆ
ಸಿಕ್ಕಿಬಿದ್ದೆ. ನನ್ನದೇ ಫೋಟೋ. ಮಂತ್ರಿ ಗಿಂತ್ರಿ ಏನಲ್ಲ, ಒಂದು ನೌಕರರ ಸಹಕಾರ ಸಂಘದ ಅಧ್ಯಕ್ಷ, ಎರಡನೇ ಅವಧಿ. ಸಂಘದ ಗೇಟಿಗೆ ನನ್ನ ಫೋಟೋ ಕಟ್ಟಿ, ಹಾರ ಹಾಕಿ, ನಾಲ್ಕು ಹುಡುಗರು ಮೈಕಲ್ಲಿ ಅರ್ಧ ದಿನ ಬೈದ್ರು. ನನ್ನ ಹೆಂಡ್ತಿ ಅದೇ ದಾರೀಲಿ ಬಂದು ನಿಂತು ಎಲ್ಲಾ ಕೇಳಿಸ್ಕೊಂಡಿದಾಳೆ. ಮನೇಲಿ ಬಂದು ಏನೂ ಹೇಳ್ಲಿಲ್ಲ, ಅದೇ ಚುಚ್ಚೋದು. ದೂರು ಕೊಟ್ಟಿದೀನಿ. ಈಗ ಆ ಹುಡುಗರ ಹಿರಿಯರು ಬಂದು ವಾಪಸ್ ತಗೊಳ್ಳಿ ಅಂತಾರೆ, ನನ್ನ ನಿರ್ದೇಶಕರು ತಗೊಂಡ್ರೆ ಸಂಘದ ಮಾನ ಹೋಗುತ್ತೆ ಅಂತಾರೆ.

ನಿದ್ದೆಗೇಡಿ
ಸರ್ ಸಾರಿ, ಮೊದಲೇ ಹೇಳಿದ್ರೆ ನಾನು ಅಷ್ಟು ನಗ್ತಿರ್ಲಿಲ್ಲ

ಗುಂಡುಕಲ್ಲು
ವಾಪಸ್ ತಗೋಬೇಡಿ ಸರ್. ಮನೆಯವರನ್ನ ಎಳೆದು ತಂದ್ರೆ ಅಲ್ಲಿಗೆ ಪ್ರತಿಭಟನೆ ಮುಗೀತು. ಸಂಘದ ಅಧ್ಯಕ್ಷನ್ನ ಬೈಲಿ, ಗಂಡನ್ನ ಬೈಯೋಕೆ ಅವರ್ಯಾರು?

ಮೂಲೆಮನೆ_ಮಾಸ್ತರ
ಈ ಸಲ ಗುಂಡುಕಲ್ಲು ಹೇಳಿದ್ದು ಖರೇ ಅದ. ನಿಮ್ಮ ಅವಮಾನ ನೀವು ಕ್ಷಮಸ್ರಿ, ಅದು ನಿಮ್ಮ ಹಕ್ಕು. ಆದ್ರ ಮನಿಯವರದ ನೀವ್ಹೆಂಗ ಕ್ಷಮಸ್ತೀರಿ? ಅದನ್ನ ಅವರ ಹೇಳಬೇಕು. ಮದಲ ಅವರನ್ನ ಕೇಳ್ರಿ.

ಬಂಡಾಯಗಾರ್ತಿ
ಮನೆಯವರನ್ನ ಬೈದಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸರ್, ಇಷ್ಟು ಉದ್ದ ಬರೆದ್ರಿ, ಫೋಟೋ, ಹಾರ, ಮೈಕು, ಮಾನ, ಎಲ್ಲಾ ಇದೆ. ಆ ನಾಲ್ಕು ಜನ ಅರ್ಧ ದಿನ ಏನು ಕೇಳ್ತಿದ್ರು ಅಂತ ಎಲ್ಲೂ ಬರೆದಿಲ್ವಲ್ಲ?

ಎರಡನೇ_ಬೆಂಚು
😶

ಅಡ್ಡಗೋಡೆ
ಕಟ್ಟಡ ನಿಧಿ ಲೆಕ್ಕ. ಮೂರು ವರ್ಷದ್ದು ಸಭೆ ಮುಂದೆ ಇಟ್ಟಿಲ್ಲ ಅಂತ. ಆಡಿಟ್ ತಡ ಆಗಿದ್ದು ನಿಜ, ನಾನು ಒಂದು ರೂಪಾಯಿ ಮುಟ್ಟಿಲ್ಲ ಅನ್ನೋದೂ ನಿಜ. ಮೂರು ಸಲ ಪತ್ರ ಕೊಟ್ಟಿದ್ರು. ನಾನು ಉತ್ತರ ಕೊಟ್ಟಿರ್ಲಿಲ್ಲ.

ಹಳೇ_ಪೇಪರ್
ಅಯ್ಯೋ ಅಧ್ಯಕ್ಷರೇ, ಮೂರು ಪತ್ರಕ್ಕೆ ಉತ್ತರ ಇಲ್ಲ ಅಂದ್ರೆ ನಾಲ್ಕನೇದು ಗೇಟಿಗೆ ಬಂದಿದೆ ಅಷ್ಟೆ.

ಕರಿಕೋಟು
ಬರೀ ಅವಮಾನದ ಕಲಂ ಆಗಿದ್ರೆ ರಾಜಿ ಮಾಡ್ಕೊಳ್ಳಿ, ಕಷ್ಟ ಇಲ್ಲ. ಒಂದೇ ಒಂದು ಮಾತು: ಲಿಖಿತ ಕ್ಷಮಾಪಣೆ ಬರೆಸ್ಕೊಂಡು ನೋಟಿಸ್ ಬೋರ್ಡಿಗೆ ಹಾಕೋ ಬುದ್ಧಿ ನಿಮ್ಮ ನಿರ್ದೇಶಕರು ಕೊಡ್ತಾರೆ, ಕೇಳಬೇಡಿ. ಅದು ಇನ್ನೊಂದು ಹಾರ.

ಗುಂಡುಕಲ್ಲು
ಕ್ಷಮೆ ಕೇಳದೆ ಕ್ಷಮಿಸೋದಾ? ನಂಗಂತೂ ಅರ್ಥ ಆಗಲ್ಲ ಇದು. ನಾನು ಇಲ್ಲಿಗೆ ನಿಲ್ಲಿಸ್ತೀನಿ.

ಅಡ್ಡಗೋಡೆ
ಎಂಟು ದಿನ ಆದ್ಮೇಲೆ ಬರೀತಿದೀನಿ. ಮಾಸ್ತರು ಹೇಳಿದ ಹಾಗೆ ಮನೇಲಿ ಕೇಳಿದೆ. "ನನ್ನ ಹೆಸರು ಎತ್ತಿದ ಹುಡುಗ ಬಂದು ನನ್ನ ಮುಂದೆ ಕೂತು ಮಾತಾಡ್ಲಿ, ಪೊಲೀಸರ ಮುಂದೆ ಅಲ್ಲ" ಅಂದಳು. ಅವನು ಬಂದ. ತಲೆ ಎತ್ತಲಿಲ್ಲ, ಅಕ್ಕಾ ತಪ್ಪಾಯ್ತು ಅಂತ ಅವಳಿಗೆ ಹೇಳಿದ. ನನಗೆ ಹೇಳಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು "ಸರ್, ಲೆಕ್ಕ?" ಅಂದ. ಸಿಟ್ಟು ನೆತ್ತಿಗೇರಿತು ಸುಳ್ಳು ಯಾಕೆ ಹೇಳ್ಲಿ. ದೂರು ವಾಪಸ್ ತಗೊಂಡೆ. 21 ದಿನದ ನೋಟಿಸ್ ಕೊಟ್ಟು ವಿಶೇಷ ಸಭೆ ಕರೆದಿದೀನಿ, ಇಬ್ಬರು ನಿರ್ದೇಶಕರು ಮಾತು ಬಿಟ್ಟಿದಾರೆ.

ಬಂಡಾಯಗಾರ್ತಿ
ಸಭೇಲಿ ಏನಾಯ್ತು ಅಂತ ಇಲ್ಲೇ ಬರೀರಿ ಸರ್.

ನಿದ್ದೆಗೇಡಿ
ಮುಂದಿನ ಸಾಲಲ್ಲಿ ಕೂತೋರ ಕಾಲಲ್ಲಿ ಏನಿದೆ ಅಂತ ನೋಡ್ಕೊಂಡು ಮಾತು ಶುರು ಮಾಡಿ ಸರ್